ಕೆರೆಯಂಚಿನ ಬಕಧ್ಯಾನ

ಬೆಂಗಳೂರಿನಿಂದ ಬಳ್ಳಾರಿಯ ಹೆದ್ದಾರಿಯನ್ನು ಹಿಡಿದು ಉತ್ತರಾಭಿಮುಖವಾಗಿ ಹೊರಟ ಪ್ರಯಾಣಿಕರಿಗೆ ಹೆಬ್ಬಾಳದ ಮೇಲುಸೇತುವೆಯ ಸಮೀಪದಲ್ಲಿ ವಿಸ್ತಾರವಾದ ಜಲರಾಶಿಯೊಂದು ಕ್ಷಣಕಾಲ ಕಣ್ಣಿಗೆ ಬೀಳುವುದು. ೨೦೦೮ರಲ್ಲಿ ದೇವನಹಳ್ಳಿಯ ಬಳಿ ಹೊಸ ವಿಮಾನನಿಲ್ದಾಣವು ತೆರೆದಂದಿನಿಂದ ಈ ದಾರಿಯಲ್ಲಿ ಹಗಲಿರುಳೆನ್ನದೆ ವಾಹನಗಳ ಪ್ರವಾಹವು ಹರಿಯುತ್ತಿರುವುದು. ವಿಮಾನವೆಲ್ಲಿ ತಪ್ಪೀತೋ ಎಂಬ ಆತುರದಲ್ಲಿರುವವರಿಗೆ ಕೆರೆಯನ್ನು ನೋಡುವಷ್ಟು ವ್ಯವಧಾನವೆಲ್ಲಿ ಬರಬೇಕು? ಆದರೆ ಅದೇ ಗಳಿಗೆಯಲ್ಲಿ ಆ ನೀರಿನ ಅಂಚಿನಲ್ಲಿ ಬಕಪಕ್ಷಿಯೊಂದು ಯಾವ ಆತುರವೂ ಇಲ್ಲದೆ ನಿಶ್ಚಲವಾಗಿ ನಿಂತು ತನ್ನ ಬೆಳಗಿನ ಆಹಾರಕ್ಕಾಗಿ ಕಾಯುತ್ತಿರುವುದು. ಆ ಪಕ್ಷಿಯು ಮೀನನ್ನು ಹಿಡಿಯುವ ಕ್ಷಣವನ್ನು ಛಾಯಾಚಿತ್ರದಲ್ಲಿ ಸೆರೆಹಿಡಿಯುವುದು ಹೇಗೆ, ಹಾಗೆ ಹಿಡಿಯಹೊರಟವರಿಗೆ ಕೆರೆಯ ವಿಷಯದಲ್ಲಿ ತಿಳಿದುಬರುವುದೇನು ಎಂಬುದನ್ನು ವಾಚಕರ ಮುಂದಿಡಬೇಕೆಂಬುದೇ ಈ ಲೇಖನದ ಉದ್ದೇಶ.

ಮೊದಲು ಸ್ಥಳದ ವಿಚಾರವನ್ನು ಎರಡು ಮಾತಿನಲ್ಲಿ ಹೇಳುವೆವು. ಹೆಬ್ಬಾಳವು ನಿನ್ನೆ ಮೊನ್ನೆ ಹುಟ್ಟಿದ ಬಡಾವಣೆಯಲ್ಲ. ೨೦೧೮ರಲ್ಲಿ ಇಲ್ಲಿ ಕಾಲುವೆಯ ಕೆಲಸ ನಡೆಯುತ್ತಿದ್ದಾಗ ದೊರೆತ ವೀರಗಲ್ಲೊಂದರ ಮೇಲೆ ಗಂಗರ ಶ್ರೀಪುರುಷನ ಕಾಲದ, ಎಂದರೆ ಸುಮಾರು ಕ್ರಿ. ಶ. ೭೫೦ರ, ಕನ್ನಡ ಬರಹವಿದೆ. ಕಾಳಗದಲ್ಲಿ ಮಡಿದ ಕಿತ್ತಯ್ಯನೆಂಬ ವೀರನ ನೆನಪಿಗಾಗಿ ನಿಲ್ಲಿಸಿದ ಆ ಕಲ್ಲಿನಲ್ಲಿ ಈ ಸೀಮೆಯನ್ನು ಪೆರ್ಬೊಳಲ್ ನಾಡೆಂದು ಕರೆದಿದೆ. ಯಲಹಂಕವಾದರೋ ಬೆಂಗಳೂರನ್ನು ಕಟ್ಟಿದ ಕೆಂಪೇಗೌಡನ ಮನೆತನದ ಮೂಲಸ್ಥಾನವಾದ್ದರಿಂದ ಅದರ ಹಿರಿತನವನ್ನು ಹೇಳಬೇಕಾದುದೇ ಇಲ್ಲ. ಇಲ್ಲಿ ಹೊಳೆಯಿಲ್ಲ, ಮಳೆಯ ನೀರೇ ಗತಿ. ಆದುದರಿಂದ ಹಿಂದಿನವರು ತಗ್ಗು ಕಂಡಲ್ಲೆಲ್ಲ ಏರಿ ಕಟ್ಟಿ, ಒಂದು ಕೆರೆಯ ಕೋಡಿಯ ನೀರು ಮುಂದಿನ ಕೆರೆಗೆ ಹೋಗುವಂತೆ ಸರಪಳಿಯಾಗಿ ಕೆರೆಗಳನ್ನು ಕಟ್ಟಿದರು. ಯಲಹಂಕ, ಅಳ್ಳಾಳಸಂದ್ರ, ಜಕ್ಕೂರು, ರಾಚೇನಹಳ್ಳಿ ಎಂಬ ಕೆರೆಗಳು ಅಂತಹ ಒಂದು ಸರಪಳಿಯ ಕೊಂಡಿಗಳು. ಯಲಹಂಕದ ಪುಟ್ಟೇನಹಳ್ಳಿಯ ಕೆರೆಯನ್ನು ೨೦೧೫ರಲ್ಲಿ ಸರ್ಕಾರವು ಪಕ್ಷಿಗಳ ಸಂರಕ್ಷಣಾ ಮೀಸಲು ಪ್ರದೇಶವೆಂದು ಸಾರಿತು. ನಗರದ ದಕ್ಷಿಣಭಾಗದಲ್ಲಿಯೂ ಇದೇ ಹೆಸರಿನ ಕೆರೆಯೊಂದಿರುವುದರಿಂದ ವಾಚಕರು ಒಂದನ್ನು ಇನ್ನೊಂದೆಂದು ಭ್ರಮಿಸಬಾರದು.

ಇನ್ನು ಬಕನ ವಿಚಾರ. ನಮ್ಮ ಪೂರ್ವಿಕರ ಗ್ರಂಥಗಳಲ್ಲಿ ಈ ಪಕ್ಷಿಗೆ ಒಳ್ಳೆಯ ಹೆಸರಿಲ್ಲ. ಹೊರಗೆ ವಿನಯ, ಒಳಗೆ ಸ್ವಾರ್ಥ ತುಂಬಿದ ಮನುಷ್ಯನಿಗೆ ಮನುಸ್ಮೃತಿಯು ಬಕವ್ರತಿಕನೆಂಬ ಹೆಸರನ್ನೇ ಕೊಟ್ಟಿದೆ. ಪಂಚತಂತ್ರದ ಮೊದಲನೆಯ ತಂತ್ರದಲ್ಲಿ ಮುದಿ ಬಕನೊಂದು ಕೆರೆಯ ಮೀನುಗಳನ್ನು ವಂಚಿಸಿ ತಿಂದು ಕಡೆಗೆ ಏಡಿಯ ಕೈಯಲ್ಲಿ ಪ್ರಾಣ ಬಿಟ್ಟ ಕಥೆಯನ್ನು ಕೇಳದ ಮಕ್ಕಳಿಲ್ಲ. ಆದರೂ ಈ ನಿಂದೆಯ ನಡುವೆ ಒಂದೆರಡು ಕಡೆ ಮಾನವೂ ದೊರೆತಿದೆ. ಮಹಾಭಾರತದ ಅರಣ್ಯಪರ್ವದಲ್ಲಿ ಯಮಧರ್ಮನು ಮಗನನ್ನು ಪರೀಕ್ಷಿಸಲು ಕೊಳದ ಬಳಿಗೆ ಬಂದಾಗ ಮೊದಲು ತನ್ನನ್ನು ಬಕನೆಂದೇ ಹೇಳಿಕೊಳ್ಳುವನು. ವಿದ್ಯಾರ್ಥಿಗೆ ಇರಬೇಕಾದ ಲಕ್ಷಣಗಳನ್ನು ಎಣಿಸುವ ಸುಭಾಷಿತವೊಂದರಲ್ಲಿ ಬಕನ ಏಕಾಗ್ರತೆಯೂ ಸೇರಿದೆ. ನಾವು ಪಾಠಶಾಲೆಯಲ್ಲಿ ಎಷ್ಟು ವರ್ಷ ಹುಡುಗರಿಗೆ ಅದನ್ನು ಬಾಯಿಪಾಠ ಮಾಡಿಸಿದೆವೋ ಲೆಕ್ಕವಿಲ್ಲ. ಅಮರಕೋಶವು ಬೆಳ್ಳಕ್ಕಿಯ ಜಾತಿಗೆ ಸೇರಿದ ಬಲಾಕೆಯನ್ನು ಬಿಸಕಂಠಿಕೆಯೆಂದೂ ಕರೆಯುವುದು. ತಾವರೆಯ ದಂಟಿನಂತಹ ಕೊರಳುಳ್ಳದ್ದು ಎಂಬುದು ಆ ಮಾತಿನ ಅರ್ಥ. ಆ ಹೆಸರನ್ನಿಟ್ಟವನು ಕೆರೆಯ ದಡದಲ್ಲಿ ಕುಳಿತು ನೋಡಿದವನೇ ಇರಬೇಕು.

ನಿವೃತ್ತರಾದ ಮೇಲೆ ನಮ್ಮ ಮಗನು ನಮಗೊಂದು ಕ್ಯಾಮರಾವನ್ನೂ ದೂರದ ವಸ್ತುವನ್ನು ಹತ್ತಿರಕ್ಕೆ ತರುವ ಉದ್ದನೆಯ ಲೆನ್ಸನ್ನೂ ಕೊಡಿಸಿದನು. ನಿಂತ ಹಕ್ಕಿಯ ಚಿತ್ರವನ್ನು ತೆಗೆಯುವುದು ಕಷ್ಟವಲ್ಲ; ಬಕನು ತಾನಾಗಿಯೇ ಚಿತ್ರದಂತೆ ನಿಂತಿರುವನು. ಬೇಟೆಯ ಕ್ಷಣವು ಹಾಗಲ್ಲ. ಅದರ ಕಷ್ಟವನ್ನು ಒಂದು ಸಣ್ಣ ಲೆಕ್ಕದಿಂದ ತೋರಿಸಬಹುದು. ಕಣ್ಣು ಒಂದು ಸಂಗತಿಯನ್ನು ಕಂಡು ಬೆರಳು ಗುಂಡಿಯನ್ನು ಒತ್ತಬೇಕಾದರೆ ಮನುಷ್ಯನಿಗೆ ಸುಮಾರು ಒಂದು ಸೆಕೆಂಡಿನ ಐದನೆಯ ಒಂದು ಭಾಗ ಬೇಕು. ಬಕನ ಕೊಕ್ಕು ನೀರಿಗಿಳಿಯುವುದಕ್ಕೆ ಹತ್ತನೆಯ ಒಂದು ಭಾಗವೂ ಬೇಡ. ಎಂದಮೇಲೆ ಕಂಡು ಒತ್ತಿದವನಿಗೆ ದೊರೆಯುವುದು ನೀರಿನ ಸುಳಿ ಮಾತ್ರ. ಕ್ಯಾಮರಾದ ಪರದೆಯು, ಎಂದರೆ ಷಟರು, ಎರಡು ಸಾವಿರದ ಒಂದು ಭಾಗದಷ್ಟು ಅಲ್ಪಕಾಲ ತೆರೆದು ಮುಚ್ಚಬಲ್ಲುದಾದ್ದರಿಂದ ಸಿಡಿದ ನೀರಿನ ಹನಿಗಳು ಮುತ್ತಿನಂತೆ ನಿಂತ ಚಿತ್ರವು ಬರುವುದೇನೋ ನಿಜ. ಆದರೆ ಯಾವಾಗ ತೆರೆಯಬೇಕೆಂಬುದನ್ನು ಯಂತ್ರವು ತಿಳಿಯದು. ಹಕ್ಕಿಯು ಮಾಡಲಿರುವುದನ್ನು ಮೊದಲೇ ಊಹಿಸಬೇಕು. ಊಹಿಸಬೇಕಾದರೆ ಅದರ ಸ್ವಭಾವವನ್ನು ಕಲಿಯಬೇಕು.

ನಮ್ಮ ಕೆರೆಗಳಲ್ಲಿ ಎಲ್ಲಕ್ಕಿಂತ ಸುಲಭವಾಗಿ ಕಾಣುವುದು ಕೊಳದ ಬಕ. ಕೋಳಿಯ ಗಾತ್ರದ ಈ ಹಕ್ಕಿಯು ಕುಳಿತಾಗ ಕೆಸರಿನ ಬಣ್ಣದ್ದಾಗಿ ನೆಲದಲ್ಲಿ ನೆಲವಾಗಿರುವುದು. ಹಾರಿದೊಡನೆ ಬಿಳಿಯ ರೆಕ್ಕೆಗಳು ಬಿಚ್ಚಿ ನೋಡುವವರು ಬೆರಗಾಗುವರು. ಬೇಟೆಯ ಸಮಯದಲ್ಲಿ ಇದು ಕೊರಳನ್ನು ಹೆಗಲ ನಡುವೆ ಮಡಿಚಿಟ್ಟುಕೊಂಡು ಕುಗ್ಗಿ ನಿಲ್ಲುವುದು. ಮನುಷ್ಯನ ಕುತ್ತಿಗೆಯಲ್ಲಿ ಏಳು ಮೂಳೆಯ ಮಣಿಗಳಿದ್ದರೆ ಬಕದ ಜಾತಿಯವುಗಳಲ್ಲಿ ಇಪ್ಪತ್ತಕ್ಕೆ ಕಡಮೆಯಿಲ್ಲ. ಅವುಗಳಲ್ಲಿ ಆರನೆಯದು ನೆರೆಯವುಗಳಿಗಿಂತ ನೀಳವಾಗಿರುವುದರಿಂದ ಕೊರಳು ಆ ಸ್ಥಳದಲ್ಲಿ ಬಾಗಿಲಿನ ತಿರುಗಣಿಯಂತೆ ಮಡಿಚಿ, ಬಿಟ್ಟಾಗ ಬಿಲ್ಲಿನಿಂದ ಹೊರಟ ಬಾಣದಂತೆ ಮುಂದಕ್ಕೆ ಚಿಮ್ಮುವುದು. ಹೊಡೆಯುವುದಕ್ಕೆ ಮುಂಚೆ ಎರಡು ಸೂಚನೆಗಳುಂಟು. ಒಂದು, ದೇಹವು ಅಲುಗದಂತೆ ಕೊಕ್ಕಿನ ತುದಿಯು ಮೆಲ್ಲಗೆ ನೀರಿನ ಕಡೆಗೆ ಇಳಿಯುವುದು. ಎರಡು, ಕಾಲುಗಳು ತುಸು ಬಾಗುವುವು. ಇವೆರಡನ್ನು ಕಂಡವನು ಆ ಕ್ಷಣದಲ್ಲಿಯೇ ಗುಂಡಿಯನ್ನು ಒತ್ತಿ ಹಿಡಿಯಬೇಕು.

ಇಲ್ಲಿ ಇನ್ನೊಂದು ಸೋಜಿಗವುಂಟು. ನೀರಿನೊಳಗಣ ವಸ್ತುವು ಇದ್ದಲ್ಲಿ ಇದ್ದಂತೆ ತೋರದೆಂಬುದನ್ನು ಬಟ್ಟಲಿನ ತಳದಲ್ಲಿ ನಾಣ್ಯವನ್ನಿಟ್ಟು ನೀರು ಹೊಯ್ದು ನೋಡಿದ ಮಕ್ಕಳೂ ಬಲ್ಲರು. ನೇರವಾಗಿ ಮೇಲಿನಿಂದ ನೋಡಿದರೆ ನಾಲ್ಕು ಅಂಗುಲದ ಆಳದಲ್ಲಿರುವ ಮೀನು ಮೂರು ಅಂಗುಲದಲ್ಲಿರುವಂತೆ ತೋರುವುದು. ಓರೆಯಾಗಿ ನೋಡಿದರೆ ಭ್ರಮೆಯು ಮತ್ತೂ ಹೆಚ್ಚುವುದು. ಕಂಡಲ್ಲಿಗೆ ಕೊಕ್ಕನ್ನು ಹಾಕಿದರೆ ಬಕನಿಗೆ ಉಪವಾಸವೇ ಗತಿ. ಇಸ್ರೇಲ್ ದೇಶದ ಗಾಡಿ ಕಾಟ್ಜಿರ್ ಎಂಬ ವಿದ್ವಾಂಸರು ತಮ್ಮ ಸಂಗಡಿಗರೊಡನೆ ೧೯೮೦ರ ದಶಕದಲ್ಲಿ ಬಕ ಮತ್ತು ಬೆಳ್ಳಕ್ಕಿಗಳ ಮೇಲೆ ಪ್ರಯೋಗಗಳನ್ನು ನಡೆಸಿ, ಈ ಹಕ್ಕಿಗಳು ಬೆಳಕಿನ ವಕ್ರತೆಯನ್ನು ಸರಿಪಡಿಸಿಕೊಂಡು ಹೊಡೆಯುತ್ತವೆಂಬುದನ್ನು ತೋರಿಸಿದರು. ನಮ್ಮ ವಿದ್ಯಾರ್ಥಿಗಳು ಕರಿಹಲಗೆಯ ಮುಂದೆ ಬೆವರುತ್ತ ಮಾಡುತ್ತಿದ್ದ ಲೆಕ್ಕವನ್ನು ಬಕನು ಸೀಮೆಸುಣ್ಣವಿಲ್ಲದೆ ಮಾಡುವನು. ಹೊಡೆದ ಪ್ರತಿಯೊಂದು ಸಲವೂ ಮೀನು ಸಿಕ್ಕುವುದೆಂದು ತಿಳಿಯಬಾರದು. ಬರಿಯ ಕೊಕ್ಕನ್ನು ಒದರಿಕೊಂಡು ಮತ್ತೆ ಮೊದಲಿನಂತೆಯೇ ನಿಲ್ಲುವುದನ್ನು ನಾವು ಎಷ್ಟೋ ಬಾರಿ ಕಂಡಿರುವೆವು. ಹತ್ತು ಸಲ ತಪ್ಪಿದರೂ ಮುನಿಸಿಲ್ಲದೆ ಹನ್ನೊಂದನೆಯ ಸಲಕ್ಕೆ ಸಿದ್ಧವಾಗುವ ಈ ನಿಲುವನ್ನು ಕಪಟವೆಂದು ಕರೆಯಲು ನಮಗೆ ಈಗ ಮನಸ್ಸು ಬಾರದು.

ಸಣ್ಣ ಬೆಳ್ಳಕ್ಕಿಯ ರೀತಿಯು ಬೇರೆ. ಅದರ ಕಾಲುಗಳು ಕಪ್ಪು, ಪಾದಗಳು ಮಾತ್ರ ಹಳದಿ. ಒಂದು ಕಾಲನ್ನು ಮುಂದಿಟ್ಟು ಆ ಹಳದಿಯ ಪಾದವನ್ನು ಕೆಸರಿನಲ್ಲಿ ನಡುಗಿಸುತ್ತ ಅಡಗಿದ್ದ ಮರಿಮೀನುಗಳನ್ನು ಎಬ್ಬಿಸುವುದು. ಎದ್ದವುಗಳ ಹಿಂದೆ ರೆಕ್ಕೆ ಬಿಚ್ಚಿ ನೀರಿನ ಮೇಲೆ ಓಡುವುದು. ಇದರ ಚಿತ್ರವನ್ನು ತೆಗೆಯುವಾಗ ಬಿಳಿಯ ಗರಿಗಳು ಬಿಸಿಲಿನಲ್ಲಿ ಬರಿಯ ಸುಣ್ಣದ ಮುದ್ದೆಯಂತೆ ಬಾರದಿರಬೇಕಾದರೆ ಕ್ಯಾಮರಾಕ್ಕೆ ಬೆಳಕನ್ನು ಒಂದು ಮೆಟ್ಟಿಲು ಕಡಮೆ ಬಿಡಬೇಕು. ಇದೇ ಜಾತಿಯ ಬೆಳ್ಳಕ್ಕಿಗಳನ್ನು ಅವುಗಳ ಬೆಡಗಿನ ಗರಿಗಳಿಗಾಗಿ, ಯೂರೋಪಿನ ಹೆಂಗಸರ ಟೋಪಿಗಳಿಗೆಂದು, ಲೆಕ್ಕವಿಲ್ಲದಷ್ಟು ಕೊಲ್ಲುತ್ತಿದ್ದ ಕಾಲವೊಂದಿತ್ತು. ೧೯೦೨ರಲ್ಲಿ ಇಂಡಿಯಾ ಸರ್ಕಾರವು ಗರಿಗಳ ರಫ್ತನ್ನು ನಿಷೇಧಿಸಿತು. ಗುಂಡು ಹಾರುತ್ತಿದ್ದ ಸ್ಥಳದಲ್ಲಿ ಇಂದು ಷಟರಿನ ಸದ್ದು ಮಾತ್ರ ಕೇಳುತ್ತಿರುವುದು ಲೋಕಕ್ಕೆ ಕ್ಷೇಮವೇ ಸರಿ.

ಬಣ್ಣದ ಕೊಕ್ಕರೆಯದು ಇನ್ನೊಂದು ಬಗೆ. ಹಳದಿಯ ಕೊಕ್ಕು, ಬಾಲದ ಬಳಿ ಗುಲಾಬಿಯ ಛಾಯೆಯ ಗರಿಗಳು, ಎದೆಯ ಮೇಲೆ ಕಪ್ಪು ಪಟ್ಟಿ. ಮಂಡ್ಯದ ಕಡೆಯ ಕೊಕ್ಕರೆಬೆಳ್ಳೂರಿಗೆ ಹೋದವರು ಊರ ಮರಗಳಲ್ಲಿ ಇದು ಗೂಡು ಕಟ್ಟುವುದನ್ನು ಕಂಡಿರುವರು. ನಮ್ಮ ಪುಟ್ಟೇನಹಳ್ಳಿಯ ಕೆರೆಯಲ್ಲಿಯೂ ಕಟ್ಟುವುದುಂಟು. ಇದು ಮೀನನ್ನು ಕಣ್ಣಿನಿಂದ ಹುಡುಕುವುದಿಲ್ಲ. ಕೊಕ್ಕನ್ನು ಅರ್ಧ ತೆರೆದು ರಾಡಿಯ ನೀರಿನಲ್ಲಿ ಅದ್ದಿ, ಕುರುಡನು ಕೋಲನ್ನಾಡಿಸುವಂತೆ ಅತ್ತಿತ್ತ ಆಡಿಸುತ್ತ ನಡೆಯುವುದು. ಮೀನು ತಾಗಿದೊಡನೆ ಕೊಕ್ಕು ತಾನಾಗಿ ಮುಚ್ಚಿಕೊಳ್ಳುವುದು. ಇದರ ಹತ್ತಿರದ ಬಂಧುವಾದ ಅಮೆರಿಕದ ಕೊಕ್ಕರೆಯಲ್ಲಿ ಈ ಮುಚ್ಚುವಿಕೆಗೆ ಹಿಡಿಯುವ ಕಾಲವನ್ನು ೧೯೬೦ರ ದಶಕದಲ್ಲಿ ಅಳೆದಾಗ ಅದು ಒಂದು ಸೆಕೆಂಡಿನ ಸುಮಾರು ನಲ್ವತ್ತನೆಯ ಒಂದು ಭಾಗವೆಂದು ಕಂಡುಬಂದಿತು. ಸೆಕೆಂಡಿಗೆ ಇಪ್ಪತ್ತು ಚಿತ್ರಗಳನ್ನು ತೆಗೆಯುವ ಇಂದಿನ ಕ್ಯಾಮರಾದಲ್ಲಿಯೂ ಎರಡು ಚಿತ್ರಗಳ ನಡುವೆ ಇದಕ್ಕಿಂತ ಹೆಚ್ಚು ಕಾಲ ಕಳೆಯುವುದು. ಆದುದರಿಂದ ಕೊಕ್ಕು ಮುಚ್ಚುವ ಚಿತ್ರಕ್ಕಾಗಿ ಪರದಾಡುವುದು ವ್ಯರ್ಥ. ಮೀನನ್ನು ಮೇಲಕ್ಕೆತ್ತಿ, ಗಾಳಿಯಲ್ಲಿ ತಿರುಗಿಸಿ, ತಲೆಯ ಕಡೆಯಿಂದ ನುಂಗುವ ಗಳಿಗೆಗೆ ಕಾಯುವುದು ಜಾಣತನ. ಮೀನಿನ ಹುರುಪೆಯೂ ಮುಳ್ಳುಗಳೂ ಬಾಲದ ಕಡೆಗೆ ಬಾಗಿರುವುದರಿಂದ ತಲೆಯಿಂದ ನುಂಗಿದರೆ ಗಂಟಲಿಗೆ ಅಡ್ಡಿಯಿಲ್ಲ. ಈ ನಿಯಮವನ್ನು ಬಕ, ಬೆಳ್ಳಕ್ಕಿ, ಕೊಕ್ಕರೆಗಳೆಲ್ಲವೂ ಪಾಲಿಸುವುವು.

ಈ ವಿದ್ಯೆಯಲ್ಲಿ ಬೆಂಗಳೂರು ಹಿಂದಿನಿಂದಲೂ ಹೆಸರಾದ ಊರು. ಇ. ಹನುಮಂತರಾಯರು, ೧೯೩೨ರಲ್ಲಿ ಹುಟ್ಟಿ ೨೦೧೭ರಲ್ಲಿ ತೀರಿಕೊಂಡ ಟಿ. ಎನ್. ಎ. ಪೆರುಮಾಳರು, ಸಂಡೂರಿನ ಎಂ. ವೈ. ಘೋರ್ಪಡೆಯವರು ಮೊದಲಾದವರು ಕನ್ನಡನಾಡಿನ ಕಾಡುಪ್ರಾಣಿ ಮತ್ತು ಪಕ್ಷಿಗಳ ಚಿತ್ರಗಳನ್ನು ಲೋಕಕ್ಕೆ ತೋರಿಸಿದರು. ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಚಿತ್ರಗಳನ್ನು ತಾವೇ ತೆಗೆದು ಕನ್ನಡದಲ್ಲಿ ಅವುಗಳ ವಿಷಯವಾಗಿ ಬರೆದರು. ಇವರೆಲ್ಲರೂ ಫಿಲ್ಮಿನ ಕಾಲದಲ್ಲಿ ಪಳಗಿದವರು. ಒಂದು ಸುರುಳಿಗೆ ಮೂವತ್ತಾರೇ ಚಿತ್ರಗಳು; ತೆಗೆದದ್ದು ಹೇಗೆ ಬಂದಿದೆಯೆಂಬುದು ತೊಳೆದ ಮೇಲೆಯೇ ತಿಳಿಯಬೇಕು. ಕೈಯಲ್ಲಿದ್ದ ಸಾಧನವು ಮಿತವಾಗಿದ್ದುದರಿಂದ ನೋಟವು ಹೆಚ್ಚಾಗಿದ್ದಿರಬೇಕು. ಈಗ ಒಂದು ಬೆಳಗಿನಲ್ಲಿ ಸಾವಿರ ಚಿತ್ರಗಳನ್ನು ತೆಗೆಯಬಹುದಾದರೂ ನೋಡಬೇಕಾದದ್ದನ್ನು ನೋಡದವನಿಗೆ ಸಾವಿರವೂ ಒಂದೇ.

ನಾವು ತೆಗೆದ ಚಿತ್ರಗಳಲ್ಲಿ ಒಂದನ್ನು, ಬೂದು ಬಕನ ಕೊಕ್ಕಿನಲ್ಲಿ ಮೀನು ಹೊಳೆಯುತ್ತಿದ್ದುದನ್ನು, ಮನೆಯಲ್ಲಿ ತೋರಿಸಿದಾಗ ನಮ್ಮ ಮನೆಯವರು ಬಹಳ ಹೊತ್ತು ನೋಡಿ, "ಪಾಪ, ಅದು ಸಾಯುತ್ತಿರುವುದನ್ನು ಗೋಡೆಗೆ ಹಾಕುವುದು ಚೆನ್ನಾಗಿರುವುದಿಲ್ಲ. ಹಾಕಲೇಬೇಕೆಂದಿದ್ದರೆ ಹಕ್ಕಿಯ ಹೆಸರಿನೊಡನೆ ಆ ಮೀನಿನ ಹೆಸರನ್ನೂ ಬರೆಯಿರಿ. ಪ್ರಾಣ ಕೊಟ್ಟದ್ದು ಅದಲ್ಲವೇ?" ಎಂದರು. ಚಿತ್ರವು ಗೋಡೆಗೆ ಏರಲಿಲ್ಲ. ಆದರೆ ಆ ಮಾತು ಮನಸ್ಸಿನಲ್ಲಿ ನಿಂತು, ಅಂದಿನಿಂದ ಪ್ರತಿಯೊಂದು ಚಿತ್ರಕ್ಕೂ ದಿನ, ಕೆರೆ, ಹಕ್ಕಿ, ಆಹಾರ ಎಂಬ ನಾಲ್ಕು ಅಂಕಣಗಳ ಪುಸ್ತಕವೊಂದನ್ನು ಇಡತೊಡಗಿದೆವು. ಮೀನುಗಳ ಹೆಸರು ನಮಗೆ ಎಲ್ಲಿಂದ ಬರಬೇಕು? ಅದಕ್ಕಾಗಿ ಜಕ್ಕೂರಿನ ಕೆರೆಯಲ್ಲಿ ಬಲೆ ಬಿಡುವ ವೃದ್ಧನೊಬ್ಬನನ್ನು ಆಶ್ರಯಿಸಿದೆವು.

ಜಕ್ಕೂರಿನ ಕೆರೆಯು ಸುಮಾರು ೧೬೦ ಎಕರೆಯಷ್ಟು ವಿಸ್ತಾರವಾದುದು. ಊರಿನ ಕೊಳಚೆಯನ್ನು ಶುದ್ಧಿಮಾಡುವ ಯಂತ್ರಾಗಾರವು ಅದರ ಮೇಲ್ಭಾಗದಲ್ಲಿದ್ದು, ಅಲ್ಲಿಂದ ಬಂದ ನೀರು ಜೊಂಡು ಬೆಳೆದ ಜೌಗಿನ ಮೂಲಕ ಸೋಸಿಕೊಂಡು ಕೆರೆಗೆ ಇಳಿಯುವುದು. ಸಮೀಪದಲ್ಲಿಯೇ ವಿಮಾನ ನಡೆಸುವುದನ್ನು ಕಲಿಸುವ ಸರ್ಕಾರಿ ಶಾಲೆಯ ಮೈದಾನವಿದೆ. ತಲೆಯ ಮೇಲೆ ಸಣ್ಣ ವಿಮಾನಗಳು ಗುಂಯ್‌ಗುಟ್ಟಿದರೂ ಜೊಂಡಿನೊಳಗೆ ನಿಂತ ಕೆನ್ನೀಲಿ ಬಕನು ಕತ್ತನ್ನೂ ತಿರುಗಿಸುವುದಿಲ್ಲ. ಆ ವೃದ್ಧನು ನಮ್ಮ ಚಿತ್ರಗಳನ್ನು ಒಂದೊಂದಾಗಿ ನೋಡಿ, "ಇದು ಜಿಲೇಬಿ, ಇದೂ ಜಿಲೇಬಿ, ಇದು ಗೆಂಡೆಮರಿ, ಇದು ಕೊರಮೀನು" ಎಂದು ಹೇಳುತ್ತ ಹೋದನು. ಜಿಲೇಬಿಯೆಂದು ನಮ್ಮವರು ಕರೆಯುವ ಮೀನು ಆಫ್ರಿಕಾ ಖಂಡದ ತಿಲಾಪಿಯ. ಅದನ್ನು ನಮ್ಮ ದೇಶಕ್ಕೆ ತಂದದ್ದು ೧೯೫೨ರಲ್ಲಿ. ಈಗ ನಮ್ಮ ಪುಸ್ತಕದ ನಾಲ್ಕನೆಯ ಅಂಕಣದಲ್ಲಿ ಅತ್ಯಧಿಕವಾಗಿ ಬರುವ ಹೆಸರು ಅದರದೇ. ಕೊಕ್ಕಿನಲ್ಲಿ ಏನಿದೆಯೆಂಬುದನ್ನು ಬರೆದಿಟ್ಟರೆ ಕೆರೆಯೊಳಗೆ ಏನಿದೆಯೆಂಬ ವೃತ್ತಾಂತವು ತಾನಾಗಿ ಸಿದ್ಧವಾಗುವುದು.

ಚಿತ್ರಗಳನ್ನು ಹಿಂದಿರುಗಿಸುವಾಗ ಅವನು ಇನ್ನೊಂದು ಮಾತನ್ನು ಹೇಳಿದನು: "ನೋಡಿ ಮೇಷ್ಟ್ರೇ, ನೀವು ಎಷ್ಟು ಪಟ ತೆಗ್ದಿದ್ರೂ ಎಲ್ಲಾ ಅಂಚಿನ್ದೇ. ಯಾವ ಹಕ್ಕಿಗೆ ಎಷ್ಟುದ್ದ ಕಾಲೋ ಅಷ್ಟೇ ಅದ್ರ ಕೆರೆ. ಮಿಕ್ಕಿದ್ದೆಲ್ಲ ಅದಕ್ಕೆ ಸಮುದ್ರ."

ಮನೆಗೆ ಬಂದು ಚಿತ್ರಗಳನ್ನು ಮತ್ತೆ ನೋಡಿದೆವು. ಅವನ ಮಾತು ಅಕ್ಷರಶಃ ನಿಜ. ಗದ್ದೆಗೊರವನಿಗೆ ಎರಡು ಬೆರಳು ನೀರು ಸಾಕು. ಕೊಳದ ಬಕನಿಗೆ ನಾಲ್ಕು ಬೆರಳು. ಬೆಳ್ಳಕ್ಕಿಗೆ ಅರ್ಧ ಗೇಣು. ಗುಲಾಬಿಯ ಉದ್ದ ಕಾಲುಗಳ ಮೆಟ್ಟುಗಾಲ ಹಕ್ಕಿಗೂ ಬಣ್ಣದ ಕೊಕ್ಕರೆಗೂ ಗೇಣಿನ ಆಸುಪಾಸು. ಎತ್ತರದ ಬೂದು ಬಕನಿಗೂ ಮೊಳಕ್ಕೆ ಮೀರಿದ ನೀರು ಕೆಲಸಕ್ಕೆ ಬಾರದು. ಕೆರೆಯು ನೂರಾರು ಎಕರೆ ಇರಬಹುದು. ಕಾಲಿನ ಮೇಲೆ ನಿಂತು ಬೇಟೆಯಾಡುವ ಈ ಜಾತಿಗಳೆಲ್ಲ ಬದುಕುವುದು ಅದರ ಅಂಚಿನ ಒಂದು ಮೊಳ ಆಳದ ಪಟ್ಟಿಯಲ್ಲಿ. ಈಜುವ ಹೆಜ್ಜಾರ್ಲೆಗೂ ಮುಳುಗುವ ನೀರುಕಾಗೆಗೂ ಈ ನಿರ್ಬಂಧವಿಲ್ಲ.

ಹಿಂದಿನವರು ಕಟ್ಟಿದ ಕೆರೆಗಳಲ್ಲಿ ಈ ಪಟ್ಟಿಗೆ ಕೊರತೆಯಿರಲಿಲ್ಲ. ಏರಿಯು ಒಂದೇ ಕಡೆಗೆ. ತೂಬಿನ ಬಳಿ ಆಳ. ಅಲ್ಲಿಂದ ಹಿಂದಕ್ಕೆ ನೆಲವು ಮೆಲ್ಲಮೆಲ್ಲಗೆ ಏರುತ್ತ ಹೊಲಗಳಲ್ಲಿ ಸೇರಿಹೋಗುತ್ತಿತ್ತು. ಆ ಭಾಗಕ್ಕೆ ಕೆರೆಯಂಗಳವೆಂದು ಹೆಸರು. ಮನೆಗೆ ಅಂಗಳವಿದ್ದಂತೆ ಕೆರೆಗೂ ಒಂದು ಅಂಗಳ. ಮಳೆಗಾಲದಲ್ಲಿ ನೀರು ಅಲ್ಲಿಯವರೆಗೆ ಹರಡುವುದು, ಬೇಸಿಗೆಯಲ್ಲಿ ಹಿಂದಕ್ಕೆ ಸರಿಯುವುದು. ಸರಿದಂತೆಲ್ಲ ಹೊಸಹೊಸ ಅಂಚು ಹುಟ್ಟುತ್ತ, ಗುಂಡಿಗಳಲ್ಲಿ ಸಿಕ್ಕಿಕೊಂಡ ಮರಿಮೀನುಗಳನ್ನು ಹಕ್ಕಿಗಳು ಆಯ್ದುಕೊಳ್ಳುತ್ತಿದ್ದುವು. ಗೂಡಿನ ಮರಿಗಳು ಬೆಳೆಯುತ್ತಿದ್ದುದು ಈ ಸರಿಯುವ ನೀರಿನ ಕೃಪೆಯಿಂದ.

ಈಚಿನ ದಶಕಗಳಲ್ಲಿ ನಗರದ ಅನೇಕ ಕೆರೆಗಳ ಜೀರ್ಣೋದ್ಧಾರವು ನಡೆದಿದೆ. ಹೂಳೆತ್ತುವುದೂ, ಕೊಳಚೆಯನ್ನು ತಡೆಯುವುದೂ, ಜನರು ನಡೆದಾಡಲು ದಾರಿಯನ್ನು ಮಾಡುವುದೂ ಒಳ್ಳೆಯ ಕೆಲಸಗಳೇ; ಅವುಗಳಿಲ್ಲದಿದ್ದರೆ ಎಷ್ಟೋ ಕೆರೆಗಳು ಈ ವೇಳೆಗೆ ನಿವೇಶನಗಳಾಗುತ್ತಿದ್ದುವು. ಆದರೆ ಹಲವು ಕಡೆಗಳಲ್ಲಿ ಸುತ್ತಲೂ ಏರಿಯನ್ನು ಹಾಕಿ, ಅಂಚಿನಿಂದಲೇ ಆಳವಾಗಿ ತೋಡಿ, ಕಲ್ಲು ಹಾಸಿ, ಕೆರೆಯನ್ನು ಸ್ನಾನದ ಮನೆಯ ಹಂಡೆಯಂತೆ ಮಾಡಿರುವರು. ಹಿಂದೆ ಅದು ಹರಿವಾಣದಂತಿತ್ತು. ಹಂಡೆಯಲ್ಲಿ ನೀರು ಹೆಚ್ಚು ಹಿಡಿಯುವುದು ನಿಜ. ಹರಿವಾಣದ ಅಂಚಿನಲ್ಲಿ ನಿಲ್ಲುವ ಕಾಲಿಗೆ ಹಂಡೆಯಲ್ಲಿ ನೆಲೆಯಿಲ್ಲ. ಇಂತಹ ಕೆರೆಗಳಲ್ಲಿ ನೀರುಕಾಗೆಗಳು ಬೇಕಾದಷ್ಟು, ಬಕಗಳು ಬೆರಳೆಣಿಕೆಯಷ್ಟು. ಅವೂ ಕಲ್ಲಿನ ಮೇಲೋ ತೇಲುವ ಕಸದ ಮೇಲೋ ಕುಳಿತಿರುವುವು. ದಡದಲ್ಲಿ ನಡೆದಾಡುವವರು ನೀರು ತುಂಬಿದೆಯೆಂದು ಸಂತೋಷಪಡುವರು. ಹಕ್ಕಿಗಳು ಎಲ್ಲಿ ಹೋದುವೆಂದು ಆಶ್ಚರ್ಯಪಡುವರು. ಕಾರಣವು ಅವರ ಕಾಲಡಿಯಲ್ಲಿಯೇ ಇರುವುದು.

ಚಿತ್ರವನ್ನು ಕಂಡೊಡನೆ ಹಿಗ್ಗಬಾರದೆಂಬುದಕ್ಕೆ ಇನ್ನೊಂದು ದೃಷ್ಟಾಂತವನ್ನು ಹೇಳುವೆವು. ಕೆಲವು ಮುಂಜಾನೆಗಳಲ್ಲಿ ಒಂದೇ ಮೂಲೆಯಲ್ಲಿ ನೂರಾರು ಬೆಳ್ಳಕ್ಕಿಗಳು ಮುತ್ತಿ, ಕೊಕ್ಕು ಹಾಕಿದಲ್ಲೆಲ್ಲ ಮೀನು ಸಿಕ್ಕುವುದುಂಟು. ಛಾಯಾಚಿತ್ರಗಾರನಿಗೆ ಅದು ಹಬ್ಬ. ಆದರೆ ಕೊಳಚೆ ಸೇರಿದ ನೀರಿನಲ್ಲಿ ರಾತ್ರಿಯೆಲ್ಲ ಆಮ್ಲಜನಕವು ಕಡಮೆಯಾಗುತ್ತ ಬಂದು ಬೆಳಗಿನ ಜಾವಕ್ಕೆ ತೀರ ಕುಗ್ಗುವುದು. ಆಗ ಮೀನುಗಳು ಉಸಿರಿಗಾಗಿ ಮೇಲ್ಮೈಗೆ ಬಂದು ಬಾಯಿ ಬಿಡುವುವು. ಹಕ್ಕಿಗಳು ಮುತ್ತುವುದು ಅದಕ್ಕೆ. ೨೦೧೬ರ ಮಾರ್ಚಿ ತಿಂಗಳಿನಲ್ಲಿ ಹಲಸೂರಿನ ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದುದನ್ನು ಬೆಂಗಳೂರಿನವರು ಮರೆತಿರಲಾರರು. ಆದುದರಿಂದ ಕೊಕ್ಕಿನಲ್ಲಿ ಮೀನು ಹೊಳೆಯುವ ಚಿತ್ರವು ಸಮೃದ್ಧಿಯದೋ ಸಂಕಟದ್ದೋ ಎಂಬುದನ್ನು ಅರಿಯಬೇಕಾದರೆ ಹೊತ್ತನ್ನೂ ನೀರಿನ ವಾಸನೆಯನ್ನೂ ಸಹ ಪುಸ್ತಕದಲ್ಲಿ ಗುರುತು ಹಾಕಬೇಕು.

ಈ ಹವ್ಯಾಸವನ್ನು ಕೈಗೊಳ್ಳುವ ತರುಣರಿಗೆ ಕೆಲವು ನಿಯಮಗಳನ್ನು ಹೇಳಿದರೆ ಅವರು ಬೇಸರಪಡಲಾರರೆಂದು ನಂಬಿರುವೆವು. ಸೂರ್ಯೋದಯಕ್ಕೆ ಮುಂಚೆಯೇ ಹೋಗಿ, ಬೆಳಕು ಬೆನ್ನಿಗೆ ಬರುವಂತೆ ನೆಲದ ಮೇಲೆಯೇ ಕುಳಿತುಬಿಡಬೇಕು. ಹಕ್ಕಿಯ ಕಣ್ಣಿನ ಮಟ್ಟದಿಂದ ತೆಗೆದ ಚಿತ್ರಕ್ಕೆ ಇರುವ ಜೀವವು ನಿಂತು ತೆಗೆದುದಕ್ಕೆ ಬಾರದು. ಹಕ್ಕಿಯ ಹಿಂದೆ ಹೋಗಬಾರದು. ಅಲುಗದೆ ಕುಳಿತವನ ಬಳಿಗೆ ಅರ್ಧ ಗಂಟೆಯಲ್ಲಿ ಅದೇ ಬರುವುದು. ಹಾರಿಸುವುದಕ್ಕೆಂದು ಕಲ್ಲೆಸೆಯುವುದು, ಮೀನನ್ನು ತಂದು ಎರಚಿ ಆಸೆ ತೋರಿಸುವುದು, ಮೊಬೈಲಿನಲ್ಲಿ ಕೂಗನ್ನು ನುಡಿಸಿ ಮೋಸಗೊಳಿಸುವುದು ಇವೆಲ್ಲವೂ ವರ್ಜ್ಯ. ಗೂಡುಗಳ ಹತ್ತಿರ ಸುಳಿಯಲೇಬಾರದು. ತಾಯಿಯು ಹೆದರಿ ಎದ್ದರೆ ಮರಿಗಳು ಬಿಸಿಲಿಗೋ ಕಾಗೆಗೋ ತುತ್ತಾಗುವುವು. ಒಂದು ಹಕ್ಕಿಯು ದಿನಕ್ಕೆ ಹಿಡಿಯುವ ಮೀನುಗಳು ಎಷ್ಟೋ, ನಾವು ಓಡಿಸಿದ ಪ್ರತಿಯೊಂದು ಸಲವೂ ಅದರ 'ತಟ್ಟೆ'ಯಿಂದ ಒಂದು ತುತ್ತನ್ನು ಎತ್ತಿಕೊಂಡಂತೆ. ಬಕವ್ರತಿಕನೆಂಬ ಹೆಸರು ಆಗ ಯಾರಿಗೆ ಸಲ್ಲಬೇಕೆಂಬುದನ್ನು ಅವರವರೇ ವಿಚಾರಿಸಿಕೊಳ್ಳಲಿ.

ಪಂಚತಂತ್ರದ ಬಕನು ಮೀನುಗಳಿಗೆ ಹೇಳಿದ ಸುಳ್ಳು ಯಾವುದೆಂಬುದು ವಾಚಕರಿಗೆ ನೆನಪಿರಬಹುದು. ಹನ್ನೆರಡು ವರ್ಷ ಮಳೆಯಿಲ್ಲ, ಈ ಕೆರೆಯು ಬತ್ತಿಹೋಗುವುದು, ನಿಮ್ಮನ್ನು ಬೇರೆ ಕಡೆಗೆ ಸಾಗಿಸುವೆನು ಎಂದು ಅದು ಕಣ್ಣೀರಿಟ್ಟಿತು. ಇಂದಿನ ಬಕನು ಬಾಯಿ ಬಿಟ್ಟು ಏನನ್ನೂ ಹೇಳುವುದಿಲ್ಲ. ಅಂಚು ಇಲ್ಲದಾದ ದಿನ ಎದ್ದು ಹೋಗುವುದು. ಹೋದದ್ದೇ ಅದರ ಮಾತು, ಮತ್ತು ಆ ಮಾತಿನಲ್ಲಿ ಸುಳ್ಳಿಲ್ಲ.

ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆಯು ಇಷ್ಟೇ. ಕ್ಯಾಮರಾ ಇರಲಿ, ಇಲ್ಲದಿರಲಿ, ಮಾಘಮಾಸದ ಒಂದು ಭಾನುವಾರದ ಬೆಳಗ್ಗೆ ಮನೆಮಂದಿಯೊಡನೆ ಹತ್ತಿರದ ಕೆರೆಗೆ ಹೋಗಿರಿ. ಮಕ್ಕಳಿಗೆ ನೀರಿನ ನಡುವನ್ನು ಬಿಟ್ಟು ಅಂಚನ್ನು ತೋರಿಸಿರಿ. ಯಾವ ಹಕ್ಕಿಯು ಎಷ್ಟು ಆಳದಲ್ಲಿ ನಿಂತಿದೆ, ಏನನ್ನು ಹಿಡಿಯಿತು ಎಂಬುದನ್ನು ಅವರ ಕೈಯಿಂದಲೇ ಬರೆಯಿಸಿರಿ. ನಿಮ್ಮ ಬಡಾವಣೆಯ ಕೆರೆಯ ದುರಸ್ತಿಯ ಮಾತು ಬಂದು ಸಭೆ ಸೇರಿದಾಗ ಆ ಪುಸ್ತಕವನ್ನು ಕೊಂಡುಹೋಗಿ, ದಾರಿಯೂ ಇರಲಿ, ಬೆಂಚುಗಳೂ ಇರಲಿ, ಒಂದು ಕಡೆಯಲ್ಲಾದರೂ ದಡವು ಇಳಿಜಾರಾಗಿ ನೀರಿಗೆ ಸೇರುವಂತೆ ಬಿಡಿ ಎಂದು ಕೇಳಿರಿ. ಇದಕ್ಕೆ ಹೆಚ್ಚಿನ ಹಣ ಬೇಡ. ತೋಡುವ ಯಂತ್ರವನ್ನು ನಾಲ್ಕು ಗಜ ಈಚೆಗೆ ನಿಲ್ಲಿಸಿದರೆ ಸಾಕು. ಜಕ್ಕೂರಿನಲ್ಲಿ ಜೊಂಡಿನ ಬದಿಯ ತೆಳುನೀರಿನಲ್ಲಿ ಈ ವರ್ಷವೂ ಕೆನ್ನೀಲಿ ಬಕನು ನಿಂತಿದ್ದಾನೆ. ನೋಡಲಿಚ್ಛಿಸುವವರು ಬೆಳಗ್ಗೆ ಏಳು ಗಂಟೆಗೆ ಮುಂಚೆ ಹೋಗುವುದು ಒಳ್ಳೆಯದು.